ಮಕ್ಕಳಿಗೆ ವಾದ ಕಲಿಸುವುದೆಂತು?

ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ನಮ್ಮ ಶಾಲೆಗಳಲ್ಲಿ ಪ್ರಬಂಧ ಬರೆಯಿಸುತ್ತಾರೆ, ಚರ್ಚಾಸ್ಪರ್ಧೆಯನ್ನೂ ಏರ್ಪಡಿಸುತ್ತಾರೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ಅಂಗಗಳು ಮಗುವಿಗೆ ಬಾಯಿಪಾಠವಾಗಿರುತ್ತವೆ. ಚರ್ಚೆಯಲ್ಲಾದರೋ, ಹಿರಿಯರು ಬರೆದುಕೊಟ್ಟುದನ್ನು ಕಂಠಪಾಠ ಮಾಡಿ ಗಟ್ಟಿಧ್ವನಿಯಲ್ಲಿ ಒಪ್ಪಿಸಿದವರಿಗೆ ಬಹುಮಾನ. ಎದುರು ಪಕ್ಷದವರು ಏನು ಹೇಳಿದರೆಂಬುದನ್ನು ಕೇಳಿಸಿಕೊಳ್ಳುವವರು ವಿರಳ. ಇದನ್ನು ವಾದವೆನ್ನಲು ನಮಗೆ ಮನಸ್ಸು ಬಾರದು.

ಮನೆಯಲ್ಲಂತೂ ವಾದವೆಂದರೆ ಜಗಳವೆಂದೇ ಅರ್ಥ. "ಎದುರು ಮಾತಾಡಬೇಡ" ಎಂಬಲ್ಲಿಗೆ ಮಗುವಿನ ಪ್ರಶ್ನೆ ಮುಗಿಯುತ್ತದೆ. ನಮ್ಮ ಹಿಂದಿನ ತರ್ಕಶಾಸ್ತ್ರಿಗಳು ಮೊದಲು ಪೂರ್ವಪಕ್ಷವನ್ನು, ಎಂದರೆ ಎದುರಾಳಿಯ ಮಾತನ್ನು, ಅವನೇ ಒಪ್ಪುವಂತೆ ನಿರೂಪಿಸಿ, ಅನಂತರ ತಮ್ಮ ಸಿದ್ಧಾಂತವನ್ನು ಹೇಳುತ್ತಿದ್ದರು. ಆ ಶಿಸ್ತನ್ನು ಹನ್ನೆರಡು ವರ್ಷದ ಮಗುವೂ ಕಲಿಯಬಲ್ಲದು.

ಅದಕ್ಕೆ ಒಳ್ಳೆಯ ಪಾಠವೊಂದು ನಮ್ಮ ಸೀಮೆಯಲ್ಲಿಯೇ ಇದೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ಹರಪನಹಳ್ಳಿಯು 1997ರಲ್ಲಿ ಹೊಸದಾಗಿ ರಚನೆಯಾದ ದಾವಣಗೆರೆ ಜಿಲ್ಲೆಗೆ ಸೇರಿತು. 2012ರ ಸಂವಿಧಾನ ತಿದ್ದುಪಡಿಯಿಂದ 371(ಜೆ) ವಿಧಿಯು ಬಂದು, ಬಳ್ಳಾರಿಯೂ ಒಳಗೊಂಡಂತೆ ಆಗಿನ ಹೈದರಾಬಾದ್ ಕರ್ನಾಟಕದ ಆರು ಜಿಲ್ಲೆಗಳಿಗೆ ಶಿಕ್ಷಣ, ಉದ್ಯೋಗಗಳಲ್ಲಿ ಸ್ಥಳೀಯ ಮೀಸಲಾತಿ ದೊರೆಯಿತು. ಹರಪನಹಳ್ಳಿ ಹೊರಗುಳಿಯಿತು. ಮತ್ತೆ ಬಳ್ಳಾರಿಗೆ ಸೇರಿಸಿರೆಂಬ ಬೇಡಿಕೆ ಎದ್ದು, 2018ರಲ್ಲಿ ಅದು ಈಡೇರಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳೊಡನೆ ಹರಪನಹಳ್ಳಿಯೂ ಅದರ ಪಾಲಾಯಿತು.

ಇದನ್ನು ತರಗತಿಯ ಮುಂದಿಟ್ಟು, ಹರಪನಹಳ್ಳಿ ಎಲ್ಲಿರಬೇಕಿತ್ತೆಂದು ಕೇಳಿ ನೋಡಿ. "ದಾವಣಗೆರೆಯಲ್ಲಿಯೇ, ಏಕೆಂದರೆ ಅದೇ ಒಳ್ಳೆಯದು" ಎಂದು ಒಂದು ಮಗು ಬರೆದೀತು. ಅಲ್ಲಿ 'ಏಕೆಂದರೆ' ಇದೆ, ಕಾರಣವಿಲ್ಲ. ನಿಲುವೇ ಎರಡು ಸಲ ಬಂದಿದೆ. "ದಾವಣಗೆರೆ ಹತ್ತಿರ" ಎಂದು ಇನ್ನೊಂದು ಬರೆದರೆ ಅದು ಕಾರಣ. ಮೈಲಿಗಲ್ಲು, ಬಸ್ಸಿನ ವೇಳಾಪಟ್ಟಿ ಅದಕ್ಕೆ ಆಧಾರ. ಹತ್ತಿರವಾದರೆ ಯಾರಿಗೆ ಅನುಕೂಲ ಎಂಬ ಪ್ರಶ್ನೆ ಆಗ ತಾನಾಗಿ ಬರುತ್ತದೆ. ಆಸ್ಪತ್ರೆಗೆ ಹೋಗುವ ರೋಗಿಗೋ, ಮಾರುಕಟ್ಟೆಗೆ ಹೋಗುವ ರೈತನಿಗೋ, ಕಚೇರಿಗೆ ಅಲೆಯುವ ವೃದ್ಧೆಗೋ? ಜಿಲ್ಲೆ ಬದಲಾದರೂ ಆಸ್ಪತ್ರೆ, ಮಾರುಕಟ್ಟೆಗಳಿಗೆ ದಾವಣಗೆರೆಗೇ ಹೋಗಬಹುದು. ಸರ್ಕಾರಿ ಕಚೇರಿಗೆ ಮಾತ್ರ ಹಾಗೆ ಹೋಗಲು ಬರುವುದಿಲ್ಲ. ಈ ಭೇದವನ್ನು ಗುರುತಿಸಿದ ಮಗು ವಿಶ್ಲೇಷಣೆಯನ್ನು ಆರಂಭಿಸಿತೆಂದೇ ತಿಳಿಯಬೇಕು. ಎದುರು ಪಕ್ಷವು ಕಾಲೇಜಿನ ಸೀಟು, ಸರ್ಕಾರಿ ನೌಕರಿಗಳ ಮಾತೆತ್ತುತ್ತದೆ. ಅರ್ಧ ತಾಸಿನ ಬಳಿಕ ಪಕ್ಷಗಳನ್ನು ಅದಲುಬದಲು ಮಾಡಿಸಬೇಕು. ಮಕ್ಕಳು ಗೊಣಗುತ್ತಾರೆ, ಗೊಣಗಲಿ.

ಬರೆಯುವಾಗ "ಎಂಬುದು ನಿಜ; ಆದರೂ" ಎಂಬ ವಾಕ್ಯವನ್ನು ರೂಢಿ ಮಾಡಿಸಬೇಕು. ನಮ್ಮ ನುಡಿಯಲ್ಲಿಯೇ ಇರುವ ಒಂದು ಸೌಲಭ್ಯವನ್ನೂ ಮರೆಯಬಾರದು. "ಬಸ್ಸು ನಿಲ್ಲಿಸುತ್ತಾರಂತೆ" ಎಂದಾಗ ಆ 'ಅಂತೆ'ಯೇ ಇದು ಕೇಳಿದ ಸುದ್ದಿ, ಕಂಡದ್ದಲ್ಲ ಎಂದು ಸಾರುತ್ತದೆ. ಪ್ರತಿ 'ಅಂತೆ'ಯ ಕೆಳಗೆ ಗೆರೆ ಎಳೆಸಿ, ಯಾರು ಹೇಳಿದರೆಂದು ಬದಿಯಲ್ಲಿ ಬರೆಯಿಸಿರಿ. ಮೊಬೈಲಿನಲ್ಲಿ ಬಂದುದನ್ನೆಲ್ಲ ನಂಬುವ ಹಿರಿಯರಿಗೂ ಈ ಅಭ್ಯಾಸ ಬೇಕಾಗಿದೆ, ಇರಲಿ.

ಅಂಕಗಳಿಗಿಂತ ಹೆಚ್ಚಿನದೊಂದು ಇದರಲ್ಲಿ ಅಡಗಿದೆ. ನಮ್ಮ ಭಾಗದ ಎಷ್ಟೋ ಹಳ್ಳಿಗಳಲ್ಲಿ ಪ್ರೌಢಶಾಲೆಯಿಲ್ಲ. ಹುಡುಗಿಯನ್ನು ಪರಊರಿಗೆ ಕಳುಹಿಸುವುದೋ ಬಿಡಿಸುವುದೋ ಎಂಬ ಮಾತು ಮನೆಯೊಳಗೆ ನಡೆಯುವಾಗ ಆಕೆಗೆ ಅಳುವುದೊಂದೇ ತಿಳಿದಿದ್ದರೆ ತೀರ್ಮಾನ ಬೇಗನೆ ಆಗಿಹೋಗುತ್ತದೆ. ಸಂಜೆ ಕತ್ತಲಾಗುವುದೆಂಬ ತಂದೆಯ ಆತಂಕವನ್ನು ಮೊದಲ ಸಾಲಿನಲ್ಲಿಯೇ ಒಪ್ಪಿಕೊಂಡು, ಬಸ್ಸು ಹೊರಡುವ ವೇಳೆಯನ್ನೂ ಜೊತೆಗೆ ಹೋಗುವ ಗೆಳತಿಯರ ಸಂಖ್ಯೆಯನ್ನೂ ಬರೆದು, ಬಸ್ಸು ತಪ್ಪಿದ ದಿನ ಏನು ಮಾಡುವೆನೆಂದು ತಿಳಿಸಿ ಆಕೆ ಒಂದು ಪತ್ರ ಕೊಟ್ಟರೆ? ತಂದೆ ಒಪ್ಪದೆಯೂ ಇರಬಹುದು. ಆದರೆ ಬೇಡವೆನ್ನಲು ಆತನೂ ಕಾರಣ ಹುಡುಕಬೇಕಾಗುತ್ತದೆ. ಅದೇ ಪತ್ರವನ್ನು ತುಸು ತಿದ್ದಿ, ಗ್ರಾಮ ಪಂಚಾಯತಿಯ ಮಕ್ಕಳ ಗ್ರಾಮಸಭೆಯಲ್ಲಿ ಓದಬಹುದು. ಅಲ್ಲಿ "ನಮಗೆ ಬಸ್ಸು ಬೇಕು" ಎಂದಷ್ಟೇ ಕೇಳುವ ಬದಲು, ಏಳನೆಯ ತರಗತಿ ಮುಗಿಸಿದ ಹುಡುಗಿಯರೆಷ್ಟು, ಮುಂದೆ ಸೇರಿದವರೆಷ್ಟು ಎಂಬ ಲೆಕ್ಕವನ್ನು ಮಕ್ಕಳೇ ಮನೆಮನೆ ತಿರುಗಿ ಬರೆದು ತಂದಿರಲಿ.