ಎರಡು ಆಂಪರ್‌ಸ್ಯಾಂಡ್ ಮತ್ತು ನನ್ನ ಜಂಬ

ಸಿಸ್ಟಂ ಅಡ್ಮಿನ್ ಕೆಲಸ ಮಾಡೋರಿಗೆ ಒಂದು ಕೆಟ್ಟ ಚಾಳಿ ಇದೆ. ತಾವು ಬರೆದ ಸ್ಕ್ರಿಪ್ಟನ್ನ ಯಾರಿಗೂ ತೋರಿಸೋದಿಲ್ಲ. ಕೇಳಿದರೆ "ಏನೋ ಬರ್ಕೊಂಡಿದೀನಿ, ಅಷ್ಟು ನೀಟಾಗಿಲ್ಲ ಮಾರಾಯ" ಅಂತ ಜಾರಿಕೊಳ್ಳುತ್ತಾರೆ. ನಾನೂ ಅದೇ ಗುಂಪಿನವನು. ಆಗಿದ್ದೆ ಅನ್ನೋದು ಸರಿ, ಯಾಕಂದ್ರೆ ಒಂದು ಬೆಳಿಗ್ಗೆ ನನಗೆ ತಕ್ಕ ಶಾಸ್ತಿ ಆಯಿತು.

ಆಗ ನಾನಿದ್ದ ಆಫೀಸಿನಲ್ಲಿ ರಾತ್ರಿ ಎರಡಕ್ಕೆ ಓಡುವ ಒಂದು ಸ್ಕ್ರಿಪ್ಟು ಇತ್ತು. ಕೆಲಸ ಬಹಳ ಸುಲಭದ್ದು. ಮೊದಲನೇ ಸಾಲು: ಸಿಡಿ ಕಮ್ಯಾಂಡಿನಿಂದ ಹಳೇ ಬ್ಯಾಕಪ್ ಇರುವ ಡೈರೆಕ್ಟರಿಗೆ ಹೋಗು. ಎರಡನೇ ಸಾಲು: ಆರ್‌ಎಂ ಕಮ್ಯಾಂಡಿನಿಂದ ಅಲ್ಲಿರೋದನ್ನೆಲ್ಲ ಅಳಿಸು. ವರ್ಷಗಟ್ಟಲೆ ತಕರಾರಿಲ್ಲದೆ ಓಡಿತ್ತು. ಆ ರಾತ್ರಿ ಬ್ಯಾಕಪ್ ಡಿಸ್ಕು ಮೌಂಟ್ ಆಗಿರಲಿಲ್ಲ. ಆ ಡೈರೆಕ್ಟರಿಯೇ ಇಲ್ಲ, ಹಾಗಾಗಿ ಸಿಡಿ ಸೋತಿತು. ಆದರೆ ಶೆಲ್ ಹಾಗೆಲ್ಲ ನಿಂತುಬಿಡೋದಿಲ್ಲ. ಒಂದು ಸಾಲು ಸೋತರೂ ಮುಂದಿನ ಸಾಲಿಗೆ ಹೋಗುತ್ತೆ. ಕ್ರಾನ್ ಕೆಲಸ ಶುರುಮಾಡೋದು ಆ ಯೂಸರ್‌ನ ಹೋಮ್ ಡೈರೆಕ್ಟರಿಯಲ್ಲಿ. "ಅಲ್ಲಿರೋದನ್ನೆಲ್ಲ ಅಳಿಸು" ಅನ್ನೋದು ಅಲ್ಲೇ ನಡೆದುಹೋಯಿತು. ಆರು ವರ್ಷ ಕೂಡಿಟ್ಟಿದ್ದ ನನ್ನ ಸ್ಕ್ರಿಪ್ಟುಗಳೆಲ್ಲ ಇದ್ದದ್ದು ಅದರೊಳಗೇ!

ಪಾಪ, ಕ್ರಾನ್ ಆ ಸಿಡಿ ಎರರನ್ನ ಮೇಲ್ ಕೂಡ ಮಾಡಿತ್ತು. ಸರ್ವರಿನ ಲೋಕಲ್ ಮೇಲ್‌ಬಾಕ್ಸನ್ನ ಯಾರು ತೆಗೆದು ನೋಡ್ತಾರೆ ಹೇಳಿ?

ಬೆಳಿಗ್ಗೆ ಹೋಗಬೇಕಿದ್ದ ರಿಪೋರ್ಟು ಹೋಗಲಿಲ್ಲ. ಫೋನ್ ಮೇಲೆ ಫೋನ್. ಕೊನೆಗೆ ಉಳಿದಿದ್ದು ಒಂದೇ ಒಂದು ಸ್ಕ್ರಿಪ್ಟು, ಅದೂ ಬೇರೆ ಟೀಮಿನ ಹುಡುಗನೊಬ್ಬನ ಹತ್ತಿರ. ಎರಡು ವರ್ಷದ ಹಿಂದೆ ನನ್ನನ್ನು ಕಾಡಿ ಬೇಡಿ ತಗೊಂಡು ಹೋಗಿದ್ದ. ಯಾವ ಸ್ಕ್ರಿಪ್ಟು ಅಂತೀರಾ? ಇದೇ ಅಳಿಸೋ ಸ್ಕ್ರಿಪ್ಟು. ಅವನ ಕಾಪಿಯಲ್ಲಿ ಆ ಎರಡು ಸಾಲುಗಳ ನಡುವೆ ಎರಡು ಆಂಪರ್‌ಸ್ಯಾಂಡ್ ಇದ್ದವು. ಅಂದರೆ, ಸಿಡಿ ಗೆದ್ದರೆ ಮಾತ್ರ ಅಳಿಸು. "ಸಾರ್, ಹೀಗಿದ್ರೆ ಒಳ್ಳೇದಲ್ವಾ" ಅಂತ ಅವನು ಆಗಲೇ ಮೇಲ್ ಮಾಡಿದ್ದ. ನಿನ್ನೆ ಮೊನ್ನೆ ಬಂದ ಹುಡುಗ ನನಗೆ ಹೇಳ್ತಾನಾ ಅಂತ ನಾನು ಉತ್ತರ ಕೂಡ ಬರೆದಿರಲಿಲ್ಲ.

ಅವತ್ತಿನಿಂದ ನನ್ನ ಅಭಿಪ್ರಾಯ ಇಷ್ಟೇ: ಒಬ್ಬನೇ ಓದಿರುವ ಸ್ಕ್ರಿಪ್ಟು ಅರ್ಧ ಮಾತ್ರ ಬರೆದಿರುವ ಸ್ಕ್ರಿಪ್ಟು.

ಈ ಕಮ್ಯಾಂಡ್ ಲೈನಿನ ಶಕ್ತಿ ಇರೋದೇ ಜೋಡಿಸಿಕೊಳ್ಳೋದರಲ್ಲಿ ನೋಡಿ. ಪ್ರೋಗ್ರಾಮುಗಳನ್ನ ತೋಟಕ್ಕೆ ನೀರು ಬಿಡೋ ಪೈಪಿನ ಹಾಗೆ ಒಂದಕ್ಕೊಂದು ಸಿಕ್ಕಿಸೋ ಹಾಗಿರಬೇಕು ಅಂತ ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್ರಾಯ್ 1964ರಲ್ಲೇ ಬರೆದಿದ್ದರು. 1973ರಲ್ಲಿ ಕೆನ್ ಥಾಂಪ್ಸನ್ ಅದನ್ನ ಯೂನಿಕ್ಸ್‌ಗೆ ಸೇರಿಸಿದರು. ಒಬ್ಬರೇ ಬರೆದ ಗ್ರೆಪ್ ಮತ್ತು ಸಾರ್ಟ್, ಮತ್ತೆ ಮೂರು ಜನ ಸೇರಿ ಬರೆದ ಆಕ್, ಎಲ್ಲ ಒಂದೇ ಸಾಲಿನಲ್ಲಿ ಕೆಲಸ ಮಾಡುತ್ತವೆ. ವಿಂಡೋಸ್ ಕಡೆಯವರಿಗೆ 2006ರಲ್ಲಿ ಪವರ್‌ಶೆಲ್ ಬಂತು. ಅದರ ಪೈಪಿನಲ್ಲಿ ಹರಿಯೋದು ಬರೀ ಅಕ್ಷರಗಳಲ್ಲ, ಆಬ್ಜೆಕ್ಟುಗಳು. ನಾಲ್ಕನೇ ಕಾಲಂ ಯಾವುದು ಅಂತ ಎಣಿಸೋ ಗೋಳಿಲ್ಲ. 2016ರಲ್ಲಿ ಮೈಕ್ರೋಸಾಫ್ಟ್ ಅದರ ಸೋರ್ಸ್ ಕೋಡನ್ನೇ ತೆರೆದಿಟ್ಟು, ಲಿನಕ್ಸ್‌ನಲ್ಲೂ ಓಡುವ ಹಾಗೆ ಮಾಡಿತು. ಅಂಥಾ ಕಂಪನಿಯೇ ತೆರೆದಿಟ್ಟಿತು, ನಮ್ಮ ಇಪ್ಪತ್ತು ಸಾಲಿನ ಸ್ಕ್ರಿಪ್ಟಿಗೆ ಯಾಕಪ್ಪಾ ಇಷ್ಟು ಬಿಗುಮಾನ? :-)

ಸುಮ್ಮನೆ ತೆರೆದಿಟ್ಟರೆ ಸಾಕಾ? ಸಾಲದು. ಬ್ಯಾಷ್ ಶೆಲ್ ಹೊರಬಂದಿದ್ದು 1989ರಲ್ಲಿ. ಅದರ ಕೋಡು ಯಾರು ಬೇಕಾದರೂ ಓದಬಹುದಿತ್ತು. ಆದರೂ ಶೆಲ್‌ಶಾಕ್ ಅಂತ ಹೆಸರಾದ ದೋಷ ಬಯಲಿಗೆ ಬಂದಿದ್ದು 2014ರಲ್ಲಿ, ಹತ್ತಿರ ಹತ್ತಿರ ಇಪ್ಪತ್ತೈದು ವರ್ಷದ ಮೇಲೆ. ಎಲ್ಲರೂ ಓದಬಹುದು ಅಂದರೆ ಎಲ್ಲರೂ ಓದಿದ್ದಾರೆ ಅಂತ ಅರ್ಥ ಅಲ್ಲ. ಯಾರಾದರೂ ಕೂತು ಓದಬೇಕು. ಓದಿ ಹೇಳಿದಾಗ ಬರೆದವನು ಕೇಳಬೇಕು. ನಾನು ಎಡವಿದ್ದು ಈ ಎರಡನೇದರಲ್ಲಿ.

"ಸ್ಕ್ರಿಪ್ಟಿನಲ್ಲಿ ಪಾಸ್‌ವರ್ಡ್ ಇದೆ, ಹೇಗೆ ತೋರಿಸಲಿ?" ಅಂತೀರಾ? ಹಾಗಿದ್ದರೆ ಮೊದಲನೇ ತಪ್ಪು ಅಲ್ಲೇ ಸಿಕ್ಕಿತು. ಪಾಸ್‌ವರ್ಡನ್ನ ಹೊರಗೆ ತೆಗೆದು, ಬೇರೆಯವರು ಓದಲಾಗದ ಫೈಲಿಗೆ ಹಾಕಿ. "ಈಗೇನು, ಎಐ ಕೇಳಿದರೆ ಒಂದೇ ಕ್ಷಣಕ್ಕೆ ಸ್ಕ್ರಿಪ್ಟ್ ಕೊಡುತ್ತೆ" ಅನ್ನೋರೂ ಇದ್ದಾರೆ. ಕೊಡುತ್ತೆ, ನಾನೂ ಕೇಳ್ತೀನಿ. ಆದರೆ ನಮ್ಮ ಆಫೀಸಿನ ಡಿಸ್ಕು ಕೆಲವು ರಾತ್ರಿ ಮೌಂಟ್ ಆಗೋದಿಲ್ಲ ಅನ್ನೋದು ನಾವು ಹೇಳದೆ ಅದಕ್ಕೆ ಗೊತ್ತಾಗೋದು ಹೇಗೆ? ಬರೆಯೋದು ಸುಲಭವಾದಷ್ಟೂ ಓದಿ ನೋಡೋ ಕೆಲಸ ಜಾಸ್ತಿ ಆಗುತ್ತೆ. ಓದಿ ಅರ್ಥವಾಗದ ಸ್ಕ್ರಿಪ್ಟನ್ನ ರೂಟ್ ಆಗಿ ಓಡಿಸಬೇಡಿ, ಅದನ್ನ ಯಾರೇ ಬರೆದಿರಲಿ.

ಇನ್ನೊಂದು ಮಾತು, ಇದು ನಮಗೆ ಮಾತ್ರ ಸಂಬಂಧಪಟ್ಟಿದ್ದು. "ಕನ್ನಡ" ಅನ್ನೋ ಪದವನ್ನ ಡಬ್ಲ್ಯೂಸಿ ಕಮ್ಯಾಂಡಿಗೆ ಕೊಟ್ಟು ನೋಡಿ. ಯುಟಿಎಫ್-8ರಲ್ಲಿ ಬೈಟ್ ಲೆಕ್ಕಕ್ಕೆ 15, ಯೂನಿಕೋಡ್ ಲೆಕ್ಕಕ್ಕೆ 5, ನಮ್ಮ ಕಣ್ಣಿಗೆ ಕಾಣೋದು 3 ಅಕ್ಷರ. ಬೈಟ್ ಎಣಿಸಿ ಕತ್ತರಿಸುವ ಸ್ಕ್ರಿಪ್ಟು ಅಕ್ಷರದ ಹೊಟ್ಟೆಯನ್ನೇ ಸೀಳುತ್ತೆ. ಯೂನಿಕೋಡ್ ಎಣಿಸಿ ಕತ್ತರಿಸಿದರೂ ಒತ್ತಕ್ಷರ ಬೇರೆಯಾಗಿ ಬೀಳಬಹುದು. ಇಂಗ್ಲಿಷಿನಲ್ಲಿ ಮಾತ್ರ ಕೆಲಸ ಮಾಡೋರಿಗೆ ಈ ತೊಂದರೆ ಎದುರಾಗೋದೇ ಅಪರೂಪ. ಇದನ್ನ ಕಂಡವರು ನಾವು, ಬರೆಯಬೇಕಾದವರೂ ನಾವೇ. ಕನ್ನಡದಲ್ಲೇ ಬರೆದರೆ ಇನ್ನೂ ಸಂತೋಷ.

ಹೆಚ್ಚೇನೂ ಬೇಡ. ಈ ವಾರ ನಿಮ್ಮದೊಂದು ಸ್ಕ್ರಿಪ್ಟನ್ನ ಪಕ್ಕದ ಸೀಟಿನವರಿಗೆ ತೋರಿಸಿ. ಪ್ರತಿ ವಿಚಿತ್ರ ಸಾಲಿನ ಮೇಲೆ "ಇದು ಯಾಕೆ" ಅಂತ ಒಂದು ಕಾಮೆಂಟ್ ಹಾಕಿ. ಅವರು ತಪ್ಪು ತೋರಿಸಿದರೆ ಮುಖ ಸಿಂಡರಿಸದೆ ತಿದ್ದಿಕೊಳ್ಳಿ.

ಆ ಹುಡುಗನಿಗೆ ಎರಡು ವರ್ಷ ತಡವಾಗಿ ಉತ್ತರ ಬರೆದೆ. "ನೀನು ಹೇಳಿದ್ದೇ ಸರಿ ಕಣಪ್ಪಾ" ಅಂತ. ಅವನು ಒಂದು ಸ್ಮೈಲಿ ಕಳಿಸಿದ, ಅಷ್ಟೇ.

ನೀವೇನಂತೀರಿ?