ಹಳೆಯ ಬಿಡಿಭಾಗ ಎಲ್ಲಿ ಹೋಯಿತು?

ಕಳೆದ ತಿಂಗಳು ನನ್ನ ಸಣ್ಣ ಕಾರನ್ನು ವಾರ್ಷಿಕ ಸರ್ವೀಸಿಗೆಂದು ಬೆಂಗಳೂರಿನ ಅಧಿಕೃತ ಡೀಲರೊಬ್ಬರಲ್ಲಿ ಬಿಟ್ಟುಬಂದೆ. ಬೆಳಿಗ್ಗೆ ಬರೆದುಕೊಟ್ಟ ಅಂದಾಜು ವೆಚ್ಚ 7,800 ರೂಪಾಯಿ. ಮಧ್ಯಾಹ್ನ ಸರ್ವೀಸ್ ಅಡ್ವೈಸರ್ ಎಂಬ ಹುದ್ದೆಯ ಯುವಕನಿಂದ ಫೋನ್ ಬಂತು. ‘ಸಾರ್, ಮುಂದಿನ ಬ್ರೇಕ್ ಪ್ಯಾಡ್ ಸವೆದಿದೆ. ಇಂಜೆಕ್ಟರ್, ಥ್ರಾಟಲ್ ಬಾಡಿ ಎರಡರಲ್ಲೂ ಕಾರ್ಬನ್ ಕಟ್ಟಿದೆ. ಏನ್ ಮಾಡೋಣ?’ ‘ಅಗತ್ಯವಿದ್ದರೆ ಮಾಡಪ್ಪ’ ಎಂದೆ.

ಸಂಜೆ ಕೈಗೆ ಬಂದ ಬಿಲ್ಲು 16,940 ರೂಪಾಯಿಯದು. ಹೆಚ್ಚಾದ 9,140 ರೂಪಾಯಿಯಲ್ಲಿ ಬ್ರೇಕ್ ಪ್ಯಾಡಿಗೆ 3,450, ಇಂಜೆಕ್ಟರ್ ಮತ್ತು ಥ್ರಾಟಲ್ ಶುಚಿಗೊಳಿಸಿದ್ದಕ್ಕೆ 2,890 ಹಾಕಿದ್ದರು. ಫೋನಿನಲ್ಲಿ ಪ್ರಸ್ತಾಪವೇ ಇಲ್ಲದಿದ್ದ ಏಸಿ ಕ್ರಿಮಿನಾಶಕ್ಕೆ 1,350, ತಳಭಾಗದ ತುಕ್ಕುನಿರೋಧಕ ಲೇಪನಕ್ಕೆ 1,450 ಸೇರಿದ್ದವು. ಬಿಚ್ಚಿದ ಹಳೆಯ ಪ್ಯಾಡುಗಳನ್ನು ತೋರಿಸಲು ಕೇಳಿದೆ. ‘ಆಗಲೇ ಸ್ಕ್ರ್ಯಾಪಿಗೆ ಹೋಯ್ತಲ್ಲ ಸಾರ್’ ಎಂಬ ಉತ್ತರ ಬಂತು. ಹಣ ಕೊಟ್ಟು ಕೀಲಿಕೈ ಪಡೆದು ಮನೆಗೆ ಬಂದೆ.

ನಾನು ಮೋಸಹೋದೆನೇ? ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ. ಕಾರು ಓಡಿರುವುದು 28 ಸಾವಿರ ಕಿಲೋಮೀಟರ್. ಹೆಜ್ಜೆಹೆಜ್ಜೆಗೂ ಬ್ರೇಕ್ ಒತ್ತಬೇಕಾದ ಈ ನಗರದ ಸಂಚಾರದಲ್ಲಿ ಅಷ್ಟರೊಳಗೆ ಪ್ಯಾಡು ಸವೆಯುವುದು ಅಸಂಭವವೇನಲ್ಲ. ಸವೆಯದೆ ಇರುವುದೂ ಅಷ್ಟೇ ಸಂಭವ. ‘ಅಗತ್ಯವಿದ್ದರೆ’ ಎಂದು ನಾನೇನೋ ಷರತ್ತು ಹಾಕಿದೆ. ಆದರೆ ಅಗತ್ಯ ಇದೆಯೋ ಇಲ್ಲವೋ ಎಂದು ತೀರ್ಮಾನಿಸಬೇಕಾದವನು ಪ್ಯಾಡನ್ನು ಮಾರುವವನೇ ಆಗಿದ್ದ.

ಅರ್ಥಶಾಸ್ತ್ರದಲ್ಲಿ ಮಾಹಿತಿಯ ಅಸಮಾನತೆಯ ಮಾತು ಬಂದಾಗ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯ ಬಗ್ಗೆ ಬರೆದ ಪ್ರಬಂಧವನ್ನು ಎಲ್ಲರೂ ನೆನೆಯುತ್ತಾರೆ. ಅವರಿಗೆ 2001ರಲ್ಲಿ ನೊಬೆಲ್ ಗೌರವವೂ ದೊರೆಯಿತು. ಆದರೆ ನನ್ನ ಪಾಡಿಗೆ ಹೆಚ್ಚು ಹೊಂದುವುದು 1973ರಲ್ಲಿ ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ ಬರೆದದ್ದು. ಕೆಲವು ಸರಕುಗಳ ಗುಣ ಕೊಳ್ಳುವ ಮುನ್ನವೇ ತಿಳಿಯುತ್ತದೆ, ಕೆಲವುದರದು ಬಳಸಿದ ಮೇಲೆ. ಮೂರನೆಯ ಬಗೆಯದು ಬಳಸಿದ ಮೇಲೂ ಸುಲಭಕ್ಕೆ ತಿಳಿಯುವುದಿಲ್ಲ, ನಂಬಿಕೊಳ್ಳಬೇಕಷ್ಟೆ. ದುರಸ್ತಿ ಈ ಮೂರನೆಯ ಬಗೆಯದು. ಹಳಸಿದ ಹಣ್ಣು ಕೊಟ್ಟ ಅಂಗಡಿಗೆ ಮರುದಿನ ನಾವು ಹೋಗುವುದಿಲ್ಲ. ಬೇಡದ ಪ್ಯಾಡು ಹಾಕಿಸಿಕೊಂಡ ಗಿರಾಕಿಯಾದರೋ, ಬ್ರೇಕು ಚೆನ್ನಾಗಿ ಹಿಡಿಯುತ್ತಿದೆಯೆಂದು ಸಂತೋಷಪಟ್ಟು ಮುಂದಿನ ವರ್ಷವೂ ಅಲ್ಲಿಗೇ ಹೋಗುತ್ತಾನೆ. ಪೈಪೋಟಿಯೊಂದರಿಂದಲೇ ಇದು ಸರಿಹೋಗದಿರಲು ಕಾರಣ ಇದು.

ಆ ಯುವಕನನ್ನು ದೂರಿ ಫಲವಿಲ್ಲ. ಇಂಥ ಹುದ್ದೆಗಳಲ್ಲಿ ತಿಂಗಳ ಗುರಿ, ಬಿಲ್ಲಿನ ಮೊತ್ತಕ್ಕೆ ತಳಕುಹಾಕಿದ ಪ್ರೋತ್ಸಾಹಧನ ಹೊಸದೇನಲ್ಲ. ದೊಡ್ಡ ವರ್ಕ್‌ಶಾಪಿನ ಬಾಡಿಗೆ, ತರಬೇತಿ ಪಡೆದ ಸಿಬ್ಬಂದಿ, ಯಂತ್ರೋಪಕರಣ ಇವಕ್ಕೆಲ್ಲ ಖರ್ಚಿದೆ ಎಂಬುದನ್ನೂ ಒಪ್ಪುತ್ತೇನೆ. ಬೆಲೆ ಹೆಚ್ಚೆಂಬುದು ನನ್ನ ತಕರಾರಲ್ಲ. ಆ ಬೆಲೆಯನ್ನು ಒರೆಗೆ ಹಚ್ಚುವ ಸಾಧನ ನನ್ನ ಕೈಯಲ್ಲಿಲ್ಲ ಎಂಬುದು.

ಸರ್ಕಾರಿ ಸೇವೆಯಲ್ಲಿದ್ದಾಗ ವಾಹನ ದುರಸ್ತಿಯ ಬಿಲ್ಲುಗಳಿಗೆ ನಾನು ಎಷ್ಟೋ ಬಾರಿ ಸಹಿ ಹಾಕಿದ್ದೇನೆ. ಜೀಪಿನ ಲಾಗ್ ಪುಸ್ತಕದಲ್ಲಿ ನಮೂದಾಗಬೇಕು, ಬಿಚ್ಚಿದ ಹಳೆಯ ಭಾಗ ಉಗ್ರಾಣಕ್ಕೆ ಜಮೆಯಾಗಬೇಕು, ಆಮೇಲೆ ಬಿಲ್ಲು. ಎಣ್ಣೆಜಿಡ್ಡಿನ ಕ್ಲಚ್ ಪ್ಲೇಟೊಂದನ್ನು ಕಾಗದದಲ್ಲಿ ಸುತ್ತಿ ಗುಮಾಸ್ತರು ಮೇಜಿನ ಮೇಲಿಟ್ಟಾಗ ಕೆಂಪುಪಟ್ಟಿಯೆಂದು ಗೊಣಗಿದ್ದೂ ಉಂಟು. ಅದರ ಬೆಲೆ ತಿಳಿಯಲು ನಿವೃತ್ತನಾಗಿ ಸ್ವಂತ ಕಿಸೆಯಿಂದ ಹಣ ತೆರಬೇಕಾಯಿತು. ಇಲಾಖೆಯ ಹಣಕ್ಕಿದ್ದ ಕಾವಲು ಖಾಸಗಿ ಗ್ರಾಹಕನ ಹಣಕ್ಕಿಲ್ಲ.

ಡೀಲರನ್ನು ಬಿಟ್ಟು ಬೇರೆಡೆ ಹೋಗಬಾರದೇ ಎಂದು ಓದುಗರು ಕೇಳಬಹುದು. ವಿಲ್ಸನ್ ಗಾರ್ಡನ್ನಿನ ಮೆಕ್ಯಾನಿಕ್ ಒಬ್ಬರು ಹದಿನೈದು ವರ್ಷ ನನ್ನ ಹಿಂದಿನ ಕಾರನ್ನು ನೋಡಿಕೊಂಡರು. ಜೆ.ಸಿ. ರಸ್ತೆಯಿಂದ ಬಿಡಿಭಾಗ ತರಿಸಿ, ಹಳೆಯದನ್ನು ನನ್ನ ಅಂಗೈಯಲ್ಲಿಟ್ಟು, ‘ನೀವೇ ನೋಡಿ ಸಾರ್’ ಎನ್ನುತ್ತಿದ್ದರು. ಈಗಿನ ಕಾರಿನಲ್ಲಿ ಎಂಜಿನ್ ಎಚ್ಚರಿಕೆಯ ದೀಪ ಹೊತ್ತಿದಾಗ ಅವರಲ್ಲಿಗೇ ಹೋದೆ. ‘ಇದಕ್ಕೆ ಕಂಪನಿ ಸ್ಕ್ಯಾನರೇ ಬೇಕು, ಶೋರೂಮಿಗೇ ಹೋಗಿಬಿಡಿ’ ಎಂದರು. ಅವರ ಮಾತಿನಲ್ಲಿ ಸಂಕೋಚವಿತ್ತು. ಆ ಕೈಗಳಲ್ಲಿ ಕೌಶಲವೇನೂ ಕಡಿಮೆಯಾಗಿರಲಿಲ್ಲ.

ಇದು ಒಬ್ಬ ಮೆಕ್ಯಾನಿಕ್ಕಿನ ಕಥೆಯಷ್ಟೇ ಅಲ್ಲ. 2011ರಲ್ಲಿ ಸಲ್ಲಿಕೆಯಾದ ದೂರೊಂದರ ಮೇಲೆ ಭಾರತೀಯ ಸ್ಪರ್ಧಾ ಆಯೋಗವು ಇದನ್ನೇ ವಿಚಾರಣೆಗೆ ಎತ್ತಿಕೊಂಡಿತು. ಅಸಲಿ ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಕಾರು ತಯಾರಕರು ತಡೆದಿದ್ದಾರೆ ಎಂದು ಕಂಡುಕೊಂಡು, 2014ರ ಆಗಸ್ಟ್‌ನಲ್ಲಿ 14 ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದುಪಡಿಸುವಂತಿಲ್ಲವೆಂದೂ ಹೇಳಿತು. ಕಂಪನಿಗಳು ಮೇಲ್ಮನವಿ ನ್ಯಾಯಮಂಡಳಿಗೂ ಹೈಕೋರ್ಟುಗಳಿಗೂ ಹೋದವು. 2016ರಲ್ಲಿ ನ್ಯಾಯಮಂಡಳಿಯು ಮೂರು ಕಂಪನಿಗಳ ಮಟ್ಟಿಗೆ ತಪ್ಪನ್ನು ಎತ್ತಿಹಿಡಿದು ದಂಡದ ಮೊತ್ತವನ್ನು ಇಳಿಸಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ‘ದುರಸ್ತಿಯ ಹಕ್ಕು’ ಎಂಬ ಜಾಲತಾಣ ತೆರೆದು ಅದರ ವ್ಯಾಪ್ತಿಗೆ ವಾಹನಗಳನ್ನೂ ತಂದಿತು. ಜಾಲತಾಣ ಮಾಹಿತಿ ಕೊಡಬಲ್ಲದು, ಹಳೆಯ ಪ್ಯಾಡನ್ನು ಕೈಗೆ ಕೊಡಿಸಲಾರದು.

ಗ್ರಾಹಕ ಆಯೋಗದ ಬಾಗಿಲು ತೆರೆದೇ ಇದೆ. ಐದು ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ. 2019ರ ಕಾಯ್ದೆಯಂತೆ, ಪ್ರಯೋಗಾಲಯದ ಪರೀಕ್ಷೆ ಬೇಡದ ಪ್ರಕರಣವನ್ನು ಮೂರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು. ಹೇಳದೆ ಬಳಿದ ತುಕ್ಕುನಿರೋಧಕದ ಬಗ್ಗೆ ಅಲ್ಲಿ ವಾದಿಸಬಹುದು. ಪ್ಯಾಡು ಸವೆದಿರಲಿಲ್ಲವೆಂದು ಸಾಬೀತುಪಡಿಸುವುದು ಹೇಗೆ? ಸಾಕ್ಷ್ಯ ಗುಜರಿಯಲ್ಲಿದೆ.

ಬೇಕಾಗಿರುವುದು ದೊಡ್ಡ ಕಾನೂನೇನಲ್ಲ. ಅಂದಾಜು ಮೀರುವ ಪ್ರತಿ ಕೆಲಸಕ್ಕೂ ಬಾಬ್ತುವಾರು ಲಿಖಿತ ಒಪ್ಪಿಗೆ ಬೇಕು, ಮೊಬೈಲ್ ಸಂದೇಶವಾದರೂ ಸಾಕು. ಬಿಚ್ಚಿದ ಭಾಗವನ್ನು ಗ್ರಾಹಕ ಬೇಡವೆನ್ನುವವರೆಗೆ ಅವನದೆಂದೇ ಇಟ್ಟುಕೊಳ್ಳಬೇಕು. ಯಾವ ಕೆಲಸಕ್ಕೆ ಎಷ್ಟು ಗಂಟೆಯ ಕೂಲಿ ಎಂಬುದು ಗೋಡೆಯ ಮೇಲೆ ಕಾಣಬೇಕು. ಹೋಟೆಲುಗಳ ಕಡ್ಡಾಯ ಸೇವಾ ಶುಲ್ಕದ ವಿರುದ್ಧ 2022ರಲ್ಲಿ ಮಾರ್ಗಸೂಚಿ ಹೊರಡಿಸಿದ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಇಷ್ಟನ್ನು ಮಾಡಲಾರದೇ? ಆ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟು 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ಇಡ್ಲಿ–ವಡೆಯ ಬಿಲ್ಲಿಗೆ ಸಿಕ್ಕ ಗಮನ ಹದಿನಾರು ಸಾವಿರದ ಬಿಲ್ಲಿಗೂ ಸಿಗಬಾರದೆಂದೇನಿಲ್ಲ.

ಈ ಮೂರೂ ವಿಷಯಗಳನ್ನು ಬರೆದು, ಹಳೆಯ ಪ್ಯಾಡಿನ ಪ್ರಶ್ನೆಯನ್ನೂ ಸೇರಿಸಿ ಡೀಲರಿಗೆ ಪತ್ರ ಹಾಕಿದೆ. ಹತ್ತು ದಿನಕ್ಕೆ ವಿನಯಪೂರ್ವಕ ಉತ್ತರ ಬಂತು. ಮುಂದಿನ ಸರ್ವೀಸಿನಲ್ಲಿ ಕೂಲಿಯ ಮೇಲೆ ಶೇ 10 ರಿಯಾಯಿತಿ ಕೊಡುತ್ತಾರಂತೆ. ಪ್ಯಾಡಿನ ಸುದ್ದಿ ಅದರಲ್ಲಿಲ್ಲ.