ಕೋವಿಯನ್ನು ಯಾಕೆ ಎಳೀತೀರಿ?

ಅಮೆರಿಕದಲ್ಲಿ ಬಿಡಿಭಾಗ ತರಿಸಿ ಮನೆಯಲ್ಲೇ ಸೆಮಿ ಆಟೋಮ್ಯಾಟಿಕ್ ರೈಫಲ್ ಜೋಡಿಸೋದು ಒಂದು ಹವ್ಯಾಸ. ಸೀತಾಬರ್ಡಿಯಲ್ಲಿ ಸೇರುವ ನಮ್ಮ ಕನ್ನಡದ ಹುಡುಗರಿಗೂ ಅದರ ಮೇಲೆ ಕಣ್ಣು. (ಮೇಲಿನ ಕೋಟೆ ಸೈನ್ಯದ ಕೈಯಲ್ಲಿದೆ, ಅದರ ನೆರಳಿಗೇ ಈ ಹುಮ್ಮಸ್ಸೋ ಏನೋ!) ‘ಕೊಡವರಿಗೆ ಲೈಸೆನ್ಸೇ ಬೇಡವಲ್ಲ ಸಾರ್, ನಮಗ್ಯಾಕೆ?’ ಅಂತಾರೆ.

ಪೊಳ್ಳು ವಾದ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳೋದಕ್ಕೆ, ಹೊರೋದಕ್ಕೆ, ತಯಾರಿಸೋದಕ್ಕಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಅವರನ್ನೂ ಬಿಟ್ಟಿಲ್ಲ. 2019ರ ತಿದ್ದುಪಡಿಯ ನಂತರ ಲೈಸೆನ್ಸಿಲ್ಲದೆ ಬಂದೂಕು ಮಾಡಿದವನಿಗೆ ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ.

ಕಾನೂನು ಹಾಗಿರಲಿ. ಕೊಡಗಿನಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಊರಿಗೆಲ್ಲ ಸುದ್ದಿ ಮುಟ್ಟುತ್ತೆ. ಕೈಲ್‌ಪೊಳ್ದಿಗೆ ತೋಕ್‌ಪೂ ಸಿಗಿಸಿ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ. ಅದು ಹತ್ತು ಜನರ ಕಣ್ಣೆದುರಿನ ಕೋವಿ. ಬಾಗಿಲು ಹಾಕಿಕೊಂಡು ನಂಬರಿಲ್ಲದ ರೈಫಲ್ ಜೋಡಿಸುವ ಒಂಟಿ ಚಟಕ್ಕೆ ಅದರ ಹೆಸರು ಯಾಕೆ ಅಂಟಿಸ್ತೀರಿ?

ಈ ವಿನಾಯಿತಿಯನ್ನೇ ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದರು. 2021ರಲ್ಲಿ ಕೋರ್ಟು ಎತ್ತಿಹಿಡಿಯಿತು. ಅವಧಿ ಮುಗಿಯೋದು 2029ರ ಅಕ್ಟೋಬರಿಗೆ. ಆಗ ದಿಲ್ಲಿಯ ಮುಂದೆ ಮತ್ತೆ ನಿಲ್ಲಬೇಕಾದವರು ಕೊಡಗಿನವರು, ಸೀತಾಬರ್ಡಿಯ ಈ ಹುಡುಗರಲ್ಲ. ಗುರಿ ಹೊಡೆಯೋ ಆಸೆಯಿದ್ದರೆ ರೈಫಲ್ ಕ್ಲಬ್ ಸೇರಲಿ.